ವಂಶವಾಹಿಯ ಬಾಯಿ ಕಟ್ಟುವ ಪ್ರೋಟೀನುಗಳು

1957ರಲ್ಲಿ ನಾರ್ವೆಯ ವೈದ್ಯ ಹಿಲ್ಲೆಸ್ಟಾಡ್ ಮೂವರು ರೋಗಿಗಳ ಬಗ್ಗೆ ಬರೆದರು. ಆ ರೋಗಿಗಳ ಕಾಯಿಲೆ ರಕ್ತದ ಕ್ಯಾನ್ಸರ್‌ಗಳಲ್ಲೇ ತೀರಾ ಕ್ರೂರವಾದದ್ದು. ಎಲ್ಲೆಂದರಲ್ಲಿ ರಕ್ತ ಸೋರಿ, ಕೆಲವೇ ವಾರಗಳಲ್ಲಿ ರೋಗಿ ತೀರಿಕೊಳ್ಳುವಂಥದ್ದು. ಮೂಳೆಮಜ್ಜೆಯ ತುಂಬ ಪ್ರೊಮೈಲೋಸೈಟ್‌ಗಳು, ಅಂದರೆ ಬಿಳಿ ರಕ್ತಕಣವಾಗಲು ಹೊರಟು ನಡುದಾರಿಯಲ್ಲಿ ನಿಂತುಬಿಟ್ಟ ಕೋಶಗಳು. ಬಲಿಯುವುದೂ ಇಲ್ಲ, ಸಾಯುವುದೂ ಇಲ್ಲ, ಹೆಚ್ಚುತ್ತಲೇ ಹೋಗುತ್ತವೆ.

ಮೂರು ದಶಕ ಕಳೆದ ಮೇಲೆ ಶಾಂಘೈನ ರುಯಿಜಿನ್ ಆಸ್ಪತ್ರೆಯಲ್ಲಿ ವಾಂಗ್ ಝೆನ್‌ಯಿ ಮತ್ತು ಸಂಗಡಿಗರು ಇಂಥ 24 ರೋಗಿಗಳಿಗೆ ರೆಟಿನಾಯಿಕ್ ಆಮ್ಲ ಕೊಟ್ಟರು. ಎ ವಿಟಮಿನ್‌ನಿಂದ ನಮ್ಮ ದೇಹವೇ ತಯಾರಿಸಿಕೊಳ್ಳುವ ವಸ್ತು ಇದು. 23 ಮಂದಿಯಲ್ಲಿ ಅದೊಂದರಿಂದಲೇ ರೋಗ ಹತೋಟಿಗೆ ಬಂತು. ಉಳಿದೊಬ್ಬರಿಗೆ ಕೀಮೋಥೆರಪಿಯೂ ಬೇಕಾಯಿತು. 1988ರಲ್ಲಿ ಪ್ರಕಟವಾದ ಈ ವರದಿಯಲ್ಲಿ ಸಂಖ್ಯೆಗಿಂತಲೂ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೊಂದಿದೆ. ಆ ಕೋಶಗಳು ಔಷಧದ ಏಟಿಗೆ ಸತ್ತದ್ದಲ್ಲ, ಬಲಿತವು. ನಿಂತಲ್ಲಿಂದ ಮುಂದೆ ಹೊರಟು ಪ್ರಬುದ್ಧ ರಕ್ತಕಣಗಳಾಗಿ, ತಮ್ಮ ಆಯಸ್ಸು ಮುಗಿಸಿ ಹೋದವು.

ಹೀಗೇಕಾಯಿತು ಎಂಬುದು ತಿಳಿಯಲು ಇನ್ನೂ ಹತ್ತು ವರ್ಷ ಬೇಕಾಯಿತು. ಕೋಶವೊಂದು ತನಗೆ ಬೇಡದ ವಂಶವಾಹಿಗಳನ್ನು ಹೇಗೆ ಮುಚ್ಚಿಡುತ್ತದೆ ಎಂಬುದನ್ನು ಮೊದಲು ಅರಿಯಬೇಕಿತ್ತು.

ಪ್ರೋಟೀನು ತಯಾರಿಸುವ ಸುಮಾರು 20,000 ವಂಶವಾಹಿಗಳು ನಮ್ಮ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇವೆ. ಯಕೃತ್ತಿನ ಕೋಶದಲ್ಲಿ ಕಣ್ಣಿನ ಮಸೂರದ ವಂಶವಾಹಿಯೂ ಇದೆ, ಮಿದುಳಿನದೂ ಇದೆ. ಅವು ತೆಪ್ಪಗಿರಬೇಕು. ವಂಶವಾಹಿ ಚಾಲೂ ಆಗುವುದಕ್ಕೆ ಮಾತ್ರ ಶ್ರಮ ಬೇಕು, ಸುಮ್ಮನಿರುವುದಕ್ಕೆ ಏನೂ ಬೇಡ ಎಂದು ನಾವು ಅಂದುಕೊಳ್ಳುತ್ತೇವೆ. ಪ್ರಾಣಿಕೋಶ ಹಾಗೆ ನಡೆಯುವುದಿಲ್ಲ. ಅಲ್ಲಿ ಸುಮ್ಮನಿರಿಸುವುದಕ್ಕೆಂದೇ ಪ್ರೋಟೀನುಗಳಿವೆ, ಮತ್ತು ಅವು ಎಡೆಬಿಡದೆ ದುಡಿಯುತ್ತವೆ.

ಡಿಎನ್‌ಎ ಮೇಲಿನ ನಿರ್ದಿಷ್ಟ ಜಾಗವನ್ನು ಗುರುತಿಸಿ ಕೂರುವ ಪ್ರೋಟೀನು ಒಂದು. ಅದು ಕರೆದಾಗ ಬಂದು ಆ ಜಾಗವನ್ನು ಮುಚ್ಚುವುದು ಮತ್ತೊಂದು. ಈ ಎರಡನೆಯದೇ ಕೋರಿಪ್ರೆಸರ್. ವಿಳಾಸ ಓದುವ ಶಕ್ತಿ ಇದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ; ಇನ್ನೊಂದರ ಆಸರೆಯಲ್ಲೇ ಅಲ್ಲಿಗೆ ತಲುಪಬೇಕು. 1995ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮೈಕೆಲ್ ರೋಸೆನ್‌ಫೆಲ್ಡ್ ಅವರ ಪ್ರಯೋಗಾಲಯ ಎನ್‌ಕಾರ್ ಎಂಬ ಕೋರಿಪ್ರೆಸರನ್ನೂ, ಅದೇ ಊರಿನ ಸಾಲ್ಕ್ ಸಂಸ್ಥೆಯಲ್ಲಿ ರೊನಾಲ್ಡ್ ಇವಾನ್ಸ್ ಅವರ ಪ್ರಯೋಗಾಲಯ ಅದರ ಒಡಹುಟ್ಟಿನಂಥ ಸ್ಮರ್ಟ್ ಎಂಬುದನ್ನೂ ಪತ್ತೆ ಮಾಡಿದವು. ಡಿಎನ್‌ಎ ಮೇಲೆ ಕೂರುವ ಮೊದಲ ಬಗೆಯ ಪ್ರೋಟೀನುಗಳಾದ ಥೈರಾಯ್ಡ್ ಹಾರ್ಮೋನಿನ ಗ್ರಾಹಕವೂ ರೆಟಿನಾಯಿಕ್ ಆಮ್ಲದ ಗ್ರಾಹಕವೂ ಇವನ್ನು ಹಿಡಿದುಕೊಳ್ಳುತ್ತವೆ. ಹಾರ್ಮೋನು ಇಲ್ಲವೇ ಆಮ್ಲ ಬರುವ ತನಕ ಗ್ರಾಹಕ ಡಿಎನ್‌ಎ ಮೇಲೆ ಕೂತು, ಕೋರಿಪ್ರೆಸರನ್ನು ಕರೆಸಿಕೊಂಡು ವಂಶವಾಹಿಯನ್ನು ಮುಚ್ಚಿಡುತ್ತದೆ. ಅದು ಬಂದಾಗ ಗ್ರಾಹಕದ ಆಕಾರ ತಿರುಚುತ್ತದೆ, ಕೋರಿಪ್ರೆಸರ್ ಕಳಚಿ ಬೀಳುತ್ತದೆ, ವಂಶವಾಹಿಯನ್ನು ತೆರೆಸುವ ಪ್ರೋಟೀನು ಅಲ್ಲಿ ಬಂದು ಕೂರುತ್ತದೆ.

ಮುಚ್ಚುವ ಬಗೆ ಇನ್ನೂ ಸೊಗಸು. ಒಂದು ಕೋಶದ ಡಿಎನ್‌ಎ ಸುಮಾರು ಎರಡು ಮೀಟರ್ ಉದ್ದ. ನೂಲು ಉರುಳೆಗೆ ಸುತ್ತಿದಂತೆ ಅದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿನ ಬಾಲಕ್ಕೆ ಧನ ವಿದ್ಯುದಂಶ, ಡಿಎನ್‌ಎಗೆ ಋಣ. ಹಾಗಾಗಿ ಎರಡೂ ಅಂಟಿಕೊಳ್ಳುತ್ತವೆ. ಬಾಲಕ್ಕೆ ಅಸೆಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಸೇರಿದರೆ ಆ ಹಿಡಿತ ಸಡಿಲ. ಎನ್‌ಕಾರ್ ಮತ್ತು ಸ್ಮರ್ಟ್ ತಮ್ಮ ಜೊತೆಗೆ ಎಚ್‌ಡ್ಯಾಕ್-3 ಎಂಬ ಕಿಣ್ವವನ್ನು ಕರೆತಂದು ಆ ಅಸೆಟೈಲನ್ನು ಕಿತ್ತುಹಾಕಿಸುತ್ತವೆ. ಈ ಕಿಣ್ವ ಒಂಟಿಯಾಗಿದ್ದರೆ ಕೆಲಸಕ್ಕೆ ಬಾರದು. ಕೋರಿಪ್ರೆಸರ್ ತಗುಲಿದ ಮೇಲೆಯೇ ಅದಕ್ಕೆ ಜೀವ. 2012ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಜಾನ್ ಶ್ವಾಬೆ ಅವರ ತಂಡ ಈ ಜೋಡಿಯ ಸ್ಫಟಿಕರಚನೆ ಬಿಡಿಸಿದಾಗ ಎರಡರ ನಡುವೆ ಇನೊಸಿಟಾಲ್ ಟೆಟ್ರಾಫಾಸ್ಫೇಟ್ ಎಂಬ ಚಿಕ್ಕ ಅಣುವೊಂದು ಕಂಡಿತು. ಅದನ್ನು ಯಾರೂ ಬೆರೆಸಿರಲಿಲ್ಲ. ಕೋಶದಿಂದಲೇ ಕೂಡಿಕೊಂಡು ಬಂದಿತ್ತು, ಎರಡನ್ನೂ ಬೆಸೆದು ಹಿಡಿದಿತ್ತು.

ಈ ಮುಚ್ಚುವಿಕೆ ಎಷ್ಟು ಬಲವಾದದ್ದು ಎಂಬುದಕ್ಕೆ 2002ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದಿದೆ. ಥೈರಾಯ್ಡ್ ಗ್ರಂಥಿಯ ಕೆಲಸವೇ ನಡೆಯದ ಇಲಿಮರಿಗಳು ಹಾಲು ಬಿಡುವ ಹೊತ್ತಿಗೆ ಸಾಯುತ್ತವೆ. ಅವುಗಳಲ್ಲಿ ಹಾರ್ಮೋನಿನ ಒಂದು ಗ್ರಾಹಕವನ್ನೂ ತೆಗೆದುಹಾಕಿದರೆ ಬದುಕುತ್ತವೆ! ಹಾರ್ಮೋನು ಇಲ್ಲದ್ದಕ್ಕಿಂತ, ಹಾರ್ಮೋನು ಕಾಣದ ಗ್ರಾಹಕ ಬೇಕಾದ ವಂಶವಾಹಿಗಳನ್ನು ಅದುಮಿ ಹಿಡಿದದ್ದೇ ಅವಕ್ಕೆ ಮುಳುವಾಗಿತ್ತು.

ಹಿಲ್ಲೆಸ್ಟಾಡ್ ಕಂಡ ಕ್ಯಾನ್ಸರಿನಲ್ಲೂ ಇಂಥದ್ದೇ ಅದುಮುವಿಕೆ. 15 ಮತ್ತು 17ನೇ ವರ್ಣತಂತುಗಳು ತುಂಡಾಗಿ ಅದಲುಬದಲಾದಾಗ ರೆಟಿನಾಯಿಕ್ ಆಮ್ಲದ ಗ್ರಾಹಕ ಪಿಎಂಎಲ್ ಎಂಬ ಇನ್ನೊಂದು ಪ್ರೋಟೀನಿಗೆ ಕೂಡಿಕೊಳ್ಳುತ್ತದೆ. ಈ ಬೆರಕೆ ಪ್ರೋಟೀನು ಕೋರಿಪ್ರೆಸರನ್ನು ಬಿಗಿಹಿಡಿಯುತ್ತದೆ. ದೇಹದಲ್ಲಿ ಸಹಜವಾಗಿರುವಷ್ಟು ಆಮ್ಲಕ್ಕೆ ಅದು ಜಗ್ಗದು. ಶಾಂಘೈಯಲ್ಲಿ ಕೊಟ್ಟಂಥ ದೊಡ್ಡ ಪ್ರಮಾಣಕ್ಕೆ ಮಾತ್ರ ಬಿಡುತ್ತದೆ. 1998ರಲ್ಲಿ ಇದು ಸ್ಪಷ್ಟವಾದಾಗ ಇನ್ನೊಂದು ಒಗಟೂ ಬಿಡಿಸಿಕೊಂಡಿತು. ಕೆಲವೇ ಕೆಲವು ರೋಗಿಗಳಲ್ಲಿ ಅದಲುಬದಲಾಗುವುದು 11 ಮತ್ತು 17ನೇ ವರ್ಣತಂತುಗಳು. ಅಲ್ಲಿ ಗ್ರಾಹಕಕ್ಕೆ ಜೊತೆಯಾಗುವ ಪಿಎಲ್‌ಝಡ್‌ಎಫ್ ಎಂಬ ಪ್ರೋಟೀನು ತಾನೇ ಬೇರೊಂದು ಕಡೆಯಿಂದ ಕೋರಿಪ್ರೆಸರನ್ನು ಹಿಡಿದಿರುತ್ತದೆ. ಆ ಹಿಡಿತಕ್ಕೆ ರೆಟಿನಾಯಿಕ್ ಆಮ್ಲ ಏನೂ ಮಾಡಲಾರದು. ಔಷಧ ಅವರಿಗೆ ಹತ್ತದಿರಲು ಇದು ಮುಖ್ಯ ಕಾರಣ.

ಹಿಡಿತ ಬಿಡಿಸಿದ ಮಾತ್ರಕ್ಕೆ ರೋಗ ಬುಡಸಮೇತ ಹೋಗುವುದಿಲ್ಲ. ಬೆರಕೆ ಪ್ರೋಟೀನೇ ನಾಶವಾಗಬೇಕು, ಅದರಲ್ಲಿ ಆರ್ಸೆನಿಕ್ ಎಂಬ ಇನ್ನೊಂದು ಔಷಧದ್ದು ದೊಡ್ಡ ಪಾತ್ರ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು, ದುಬಾರಿ ಚಿಕಿತ್ಸೆ ಕೈಗೆಟುಕದವರನ್ನು ನೆನಪಿನಲ್ಲಿಟ್ಟು, ಆರ್ಸೆನಿಕ್ ಒಂದನ್ನೇ ಕೊಟ್ಟು ಒಳ್ಳೆಯ ಫಲ ಕಂಡರು. ಇಂದು ಎರಡೂ ಔಷಧಗಳನ್ನು ಜೊತೆಯಾಗಿ, ಸಕಾಲದಲ್ಲಿ ಪಡೆದವರಲ್ಲಿ ಬಹುಪಾಲು ಜನ ಗುಣಮುಖರಾಗುತ್ತಾರೆ.

ಇದೇ ಕೋರಿಪ್ರೆಸರ್ ಮಿದುಳಿನಲ್ಲಿ ಕೈತಪ್ಪಿದರೆ ಬೇರೆಯೇ ಸಂಕಟ. ರೆಟ್ ಸಿಂಡ್ರೋಮ್ ಇರುವ ಹೆಣ್ಣುಮಗು ಮೊದಲ ಕೆಲವು ತಿಂಗಳು ಎಲ್ಲರಂತೆಯೇ ಬೆಳೆದು, ಆಮೇಲೆ ಕಲಿತ ಮಾತನ್ನೂ ಕೈಯ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಹೆಚ್ಚಿನವರಲ್ಲಿ ಕಾರಣ ಮೆಕ್‌ಪಿ-2 ವಂಶವಾಹಿಯ ದೋಷ. ಅದು ತಯಾರಿಸುವ ಪ್ರೋಟೀನು ಡಿಎನ್‌ಎಯನ್ನೂ ಎನ್‌ಕಾರ್-ಸ್ಮರ್ಟ್ ಕೂಟವನ್ನೂ ಬೆಸೆಯುತ್ತದೆ. 306ನೇ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಆ ಬೆಸುಗೆ ಬಿಡುತ್ತದೆಂದು ಎಡಿನ್‌ಬರೋದ ಏಡ್ರಿಯನ್ ಬರ್ಡ್ ಅವರ ತಂಡ 2013ರಲ್ಲಿ ತೋರಿಸಿತು. ಅದೇ ಪ್ರಯೋಗಾಲಯ 2007ರಲ್ಲಿ, ಮೆಕ್‌ಪಿ-2 ಇಲ್ಲದೆ ಬೆಳೆದು ನಡುಗುತ್ತಿದ್ದ, ಉಸಿರಾಟ ಏರುಪೇರಾಗಿದ್ದ ಇಲಿಗಳಲ್ಲಿ ಆ ವಂಶವಾಹಿಯನ್ನು ಮತ್ತೆ ಚಾಲೂ ಮಾಡಿ ನೋಡಿತ್ತು. ನರಕೋಶಗಳು ಸತ್ತಿರಲಿಲ್ಲ. ಪ್ರಾಯ ತುಂಬಿದ ಮೇಲೂ ಆ ಇಲಿಗಳು ಬಹುಮಟ್ಟಿಗೆ ಚೇತರಿಸಿಕೊಂಡವು.