ಮಿಂಚಂಚೆಯ ಮೊಹರು

ಮಂಡ್ಯದ ಬೆಲ್ಲದ ವರ್ತಕರೊಬ್ಬರು ತಮ್ಮ ಅಂಗಡಿಯ ಹೆಸರಿನಲ್ಲಿಯೇ ಅಂತರಜಾಲದ ವಿಳಾಸವನ್ನು ಕೊಂಡು, ದೂರದ ಗಿರಾಕಿಗೆ ಮಿಂಚಂಚೆಯಲ್ಲಿ ಬಿಲ್ಲು ಕಳುಹಿಸುತ್ತಾರೆಂದು ಇಟ್ಟುಕೊಳ್ಳೋಣ. ಬಿಲ್ಲು ಗಿರಾಕಿಯ ಕಣ್ಣಿಗೆ ಬೀಳದೆ ‘ಸ್ಪ್ಯಾಮ್’ ಎಂಬ ಕಸದ ಬುಟ್ಟಿಯನ್ನು ಸೇರಬಹುದು. ಅದಕ್ಕಿಂತಲೂ ಕೇಡಿನ ಸಂಗತಿಯೊಂದುಂಟು: ವಂಚಕನೊಬ್ಬನು ಅದೇ ವರ್ತಕರ ಹೆಸರಿನಲ್ಲಿ ಬಿಲ್ಲು ಬರೆದು, ಬ್ಯಾಂಕಿನ ಖಾತೆಯನ್ನು ಮಾತ್ರ ತನ್ನದಾಗಿಸಿ ಕಳುಹಿಸಿದರೆ ಹಣವೆಲ್ಲ ಅವನ ಪಾಲು. ಸರ್ವರುಗಳನ್ನು ಪರೀಕ್ಷಿಸುವ ತಾಣಗಳು ಕೆಂಪು ಹಳದಿಗಳಲ್ಲಿ ತೋರಿಸುವ ಎಚ್ಚರಿಕೆಗಳಲ್ಲಿ ಕೆಲವು ಈ ಎರಡು ಕೇಡುಗಳನ್ನು ಕುರಿತವು. ಹಲವು ಬರಿಯ ಗದ್ದಲ.

ವಾಚಕರಿಗೆ ಅಂಚೆಯ ರೀತಿ ಪರಿಚಿತವಾದುದೇ. ೧೯೭೨ರಲ್ಲಿ ಪಿನ್ ಕೋಡ್ ಪದ್ಧತಿ ಬಂದಿತು. ಮಂಡ್ಯಕ್ಕೆ ೫೭೧೪೦೧, ಮದ್ದೂರಿಗೆ ೫೭೧೪೨೮, ಮಳವಳ್ಳಿಗೆ ೫೭೧೪೩೦. ಊರಿನ ಹೆಸರು ಮನುಷ್ಯರಿಗೆ, ಅಂಕಿ ಅಂಚೆಗೆ. ಅಂತರಜಾಲದಲ್ಲಿ ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್ ಎಂಬ ಏರ್ಪಾಟನ್ನು ೧೯೮೩ರಲ್ಲಿ ರೂಪಿಸಿದವರು ಅಮೆರಿಕದ ಪಾಲ್ ಮೊಕಪೆಟ್ರಿಸ್. ಆದರೆ ಲಕೋಟೆಯ ಹಿಂಬದಿಯಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದಲ್ಲವೆ? ಮಿಂಚಂಚೆಯ ಮೂಲ ನಿಯಮಗಳೂ ಇದನ್ನು ತಡೆಯಲಿಲ್ಲ. ತಡೆಯಲೆಂದು ಮುಂದೆ ಮೂರು ದಾಖಲೆಗಳು ಹುಟ್ಟಿದವು.

ಮೊದಲನೆಯದು ಎಸ್‌ಪಿಎಫ್. ‘ನನ್ನ ಹೆಸರಿನ ಪತ್ರಗಳು ಇಂತಿಂಥ ಅಂಚೆಮನೆಗಳಿಂದ ಹೊರಡುತ್ತವೆ’ ಎಂದು ಒಡೆಯನೇ ಡಿಎನ್‌ಎಸ್‌ನಲ್ಲಿ ಬರೆದಿಡುವ ಸಾಲು ಇದು. ಮಳವಳ್ಳಿಯದೆಂದು ಹೇಳಿಕೊಳ್ಳುವ ಲಕೋಟೆಯ ಮೇಲೆ ಪರದೇಶದ ಠಸ್ಸೆ ಕಂಡರೆ ಅನುಮಾನ ಬರುವಂತೆಯೇ ಇಲ್ಲಿಯೂ. ಮದ್ದೂರಿನ ಎಳನೀರು ಮಂಡಿಯವರು ಬಿಲ್ಲು ಕಳುಹಿಸುವ ಹೊಸ ಸೇವೆಯೊಂದನ್ನು ಕೊಂಡಾಗ, ಹಳೆಯ ಸಾಲಿನ ಕೆಳಗೆ ಇನ್ನೊಂದು ಎಸ್‌ಪಿಎಫ್ ಸಾಲನ್ನು ಬರೆದರೆ ಎರಡೂ ಕೆಟ್ಟಂತೆಯೇ ಸರಿ. ಎರಡನ್ನೂ ಕೂಡಿಸಿ ಒಂದೇ ಸಾಲಾಗಿಸಬೇಕು. ಅದರೊಳಗಿನ ಡಿಎನ್‌ಎಸ್ ವಿಚಾರಣೆಗಳು ಹತ್ತನ್ನು ಮೀರಬಾರದು.

ಎರಡನೆಯದಾದ ಡಿಕಿಮ್, ಅರಗಿನ ಮುದ್ರೆ. ಖಾತೆಯ ಸಂಖ್ಯೆಯಲ್ಲಿ ಒಂದಂಕಿ ತಿದ್ದಿದರೂ ಮುದ್ರೆ ಒಡೆಯುತ್ತದೆ.

ಮೂರನೆಯ ಡಿಮಾರ್ಕ್, ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂಬ ಆಜ್ಞೆ. ಎಡವುವವರು ಹೆಚ್ಚಾಗಿ ಇಲ್ಲಿಯೇ. ‘ನಿಮ್ಮ ಆಜ್ಞೆ ಸಡಿಲವಾಗಿದೆ’ ಎಂಬ ಎಚ್ಚರಿಕೆಯನ್ನು ಅಳಿಸುವ ಆತುರದಲ್ಲಿ ನೇರವಾಗಿ ‘ರಿಜೆಕ್ಟ್’ ಎಂದು ಬರೆದರೆ, ಮರೆತುಹೋದ ಯಾವುದೋ ಲೆಕ್ಕದ ಯಂತ್ರದಿಂದ ಹೊರಡುವ ಸ್ವಂತ ಪತ್ರಗಳೇ ತಿರಸ್ಕೃತವಾಗುತ್ತವೆ. ಮೊದಲು ‘ನನ್’ ಎಂದಿಟ್ಟು ಕೆಲವು ವಾರಗಳ ವರದಿಗಳನ್ನು ಓದಬೇಕು. ಆಮೇಲೆ ‘ಕ್ವಾರಂಟೈನ್’, ಕಡೆಗೆ ‘ರಿಜೆಕ್ಟ್’. ೨೦೨೪ರ ಫೆಬ್ರವರಿಯಿಂದ ಗೂಗಲ್, ಯಾಹೂ ಸಂಸ್ಥೆಗಳು ರಾಶಿಪತ್ರ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ.

ಸ್ವಂತ ಸರ್ವರನ್ನಿಟ್ಟವರನ್ನು ಬಳಲಿಸುವುದು ಪಿಟಿಆರ್, ಎಂದರೆ ಅಂಕಿಯಿಂದ ಹೆಸರಿಗೆ ಹಿಂದಿರುಗುವ ದಾಖಲೆ. ಇದನ್ನು ತಮ್ಮ ಡೊಮೈನಿನ ಪುಟದಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ. ಅಂಕಿಯ ಒಡೆತನ ಸಂಪರ್ಕ ಕೊಟ್ಟ ಕಂಪನಿಯದು. ಅವರನ್ನೇ ಕೇಳಿ ಬರೆಸಬೇಕು. ‘ಓಪನ್ ರಿಲೇ’ ಎಂಬ ಎಚ್ಚರಿಕೆ ಬಂದರೆ ಅಂದೇ ಬಾಗಿಲು ಮುಚ್ಚಿ: ದಾರಿಹೋಕರೆಲ್ಲ ನಿಮ್ಮ ಅಂಚೆಪೆಟ್ಟಿಗೆಯನ್ನು ಬಳಸುತ್ತಿದ್ದಾರೆಂದೇ ಅರ್ಥ. ಎಸ್‌ಒಎ ಕಾಲಮಾನ ಶಿಫಾರಸಿಗಿಂತ ತುಸು ಭಿನ್ನವೆಂಬ ಹಳದಿ ಗೆರೆಗೆ ಮಾತ್ರ ಯಾರೂ ನಿದ್ದೆಗೆಡಬೇಕಾಗಿಲ್ಲ.

ತಿದ್ದಿದೊಡನೆ ಫಲ ಕಾಣದಿದ್ದರೆ ಗಾಬರಿ ಬೇಡ. ಹಳೆಯ ದಾಖಲೆ ಅದರ ಅವಧಿ ತೀರುವವರೆಗೆ ಬೇರೆಯವರ ನೆನಪಿನಲ್ಲಿ ಉಳಿದಿರುತ್ತದೆ. ಮರುದಿನ ನಿಮ್ಮದೇ ಜಿಮೇಲ್ ಖಾತೆಗೊಂದು ಪತ್ರ ಬರೆದು, ಅದರ ಮೂಲಪ್ರತಿಯನ್ನು ತೆರೆದು, ಮೂರು ದಾಖಲೆಗಳ ಎದುರಿಗೂ ‘ಪಾಸ್’ ಎಂದಿದೆಯೇ ನೋಡಿ.