ರಾತ್ರಿ ಒಂದು ಮಾತ್ರೆ: ಪದೇ ಪದೇ ಬರುವ ಮೂತ್ರದ ಸೋಂಕು ಮತ್ತು ಅದನ್ನು ತಡೆಯುವ ಔಷಧಿ

ನಮ್ಮ ನಾನಿ, ಅಂದರೆ ಅಮ್ಮಿಯ ತಾಯಿ, ಭದ್ರಾವತಿಯ ಹಳೇನಗರದಲ್ಲಿ ಇದ್ದಾರೆ. ಒಂದೇ ವರ್ಷದಲ್ಲಿ ಅವರಿಗೆ ನಾಲ್ಕು ಸಲ ಮೂತ್ರದ ಸೋಂಕು ಬಂತು. ನಾಲ್ಕನೇ ಸಲ ಶಿವಮೊಗ್ಗಕ್ಕೆ ಕರೆದುಕೊಂಡು ಬಂದು ತೋರಿಸಿದೆವು. ಸೋಂಕು ವಾಸಿಯಾದ ಮೇಲೆ, ಮತ್ತೆ ಬರದ ಹಾಗೆ ತಡೆಯಲು ಎಂದು ಡಾಕ್ಟರ್ ಆರು ತಿಂಗಳು ದಿನಾ ರಾತ್ರಿ ಒಂದು ಮಾತ್ರೆ ಬರೆದುಕೊಟ್ಟರು. ಮನೆಯಲ್ಲಿ ಲೆಕ್ಕಶಾಸ್ತ್ರ ಓದುವವಳು ನಾನೊಬ್ಬಳೇ ಆದ್ದರಿಂದ ಮಾತ್ರೆ ಡಬ್ಬಿ, ಚೀಟಿ, ರಿಪೋರ್ಟುಗಳ ಲೆಕ್ಕ ನನ್ನ ಪಾಲಿಗೆ ಬಂತು. ನಾನು ಸೈನ್ಸ್ ವಿದ್ಯಾರ್ಥಿನಿಯಲ್ಲ. ಡಾಕ್ಟರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ‘ಜಲನ್’ ಎಂಬ ಮಾತು ಗಂಡಸರು ಎದ್ದು ಹೋದ ಮೇಲೆ ಮಾತ್ರ ಬರುತ್ತದೆ, ಅದೂ ಪಿಸುದನಿಯಲ್ಲಿ. ಹಾಗಾಗಿ ತಪ್ಪು ಸಲಹೆಗಳೂ ಪಿಸುದನಿಯಲ್ಲೇ ಹರಡುತ್ತವೆ.

ಆರು ತಿಂಗಳಲ್ಲಿ ಎರಡು ಸಲ ಅಥವಾ ಒಂದು ವರ್ಷದಲ್ಲಿ ಮೂರು ಸಲ ಸೋಂಕು ಬಂದರೆ ಅದನ್ನು ‘ಮರುಕಳಿಸುವ ಸೋಂಕು’ ಎನ್ನುತ್ತಾರೆ. ಹೆಚ್ಚಿನ ಸಲ ಕಾರಣ ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಹೆಂಗಸರಲ್ಲಿ ಮೂತ್ರನಾಳ ಚಿಕ್ಕದು, ಆದ್ದರಿಂದ ಅದು ಮೂತ್ರಕೋಶಕ್ಕೆ ಹತ್ತುವುದು ಸುಲಭ. ಮುಟ್ಟು ನಿಂತ ಮೇಲೆ ಮತ್ತು ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಸುಲಭ. ನಾನಿಗೆ ಎರಡೂ ಇವೆ. ಇದು ಕೊಳಕಿನ ರೋಗವಲ್ಲ. ದಿನಕ್ಕೆ ಐದು ಸಲ ವುಜೂ ಮಾಡುವ ನನ್ನ ನಾನಿಗೆ ಯಾರೋ ‘ಶುಚಿಯಾಗಿರಿ’ ಎಂದು ಬುದ್ಧಿ ಹೇಳಿದ್ದರು. ಅವರಿಗಿಂತ ನನಗೇ ಹೆಚ್ಚು ಬೇಜಾರಾಯಿತು.

ವಾಸಿ ಮಾಡುವ ಔಷಧಿ ಬೇರೆ, ತಡೆಯುವ ಔಷಧಿ ಬೇರೆ. ಎಷ್ಟೋ ಸಲ ಎರಡಕ್ಕೂ ಒಂದೇ ಮಾತ್ರೆ ಇರುತ್ತದೆ, ಗೊಂದಲ ಹುಟ್ಟುವುದೇ ಅಲ್ಲಿ. ನಾನಿಯ ಮಾತ್ರೆಯ ಹೆಸರು ನೈಟ್ರೋಫ್ಯುರಾಂಟಾಯಿನ್. ಸೋಂಕು ಇರುವಾಗ ಇದನ್ನು ಸಾಮಾನ್ಯವಾಗಿ 100 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, 5ರಿಂದ 7 ದಿನ ಕೊಡುತ್ತಾರೆ. ತಡೆಯಲು ಆದರೆ 50 ಅಥವಾ 100 ಮಿಲಿಗ್ರಾಂ, ರಾತ್ರಿ ಒಂದೇ ಸಲ, ತಿಂಗಳುಗಟ್ಟಲೆ. ಈ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಮೂತ್ರಪಿಂಡದ ಮೂಲಕ ಮೂತ್ರಕ್ಕೆ ಬಂದು ಅಲ್ಲಿ ಕೆಲಸ ಮಾಡುತ್ತದೆ. ಮಲಗುವ ಮುಂಚೆ ಮೂತ್ರ ಮಾಡಿ ಬಂದು ನುಂಗಿದರೆ ರಾತ್ರಿಯೆಲ್ಲಾ ಮೂತ್ರಕೋಶದಲ್ಲೇ ಉಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುತ್ತದೆ. ಊಟದ ಜೊತೆಗೋ ಹಾಲಿನ ಜೊತೆಗೋ ತೆಗೆದುಕೊಂಡರೆ ಮೈಗೂ ಚೆನ್ನಾಗಿ ಹತ್ತುತ್ತದೆ. ಮೂತ್ರ ಗಾಢ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಬಹುದು. ಮೊದಲ ವಾರ ನಾನಿ ಇದನ್ನು ನೋಡಿ ಗಾಬರಿಯಿಂದ ಅಮ್ಮಿಗೆ ಫೋನ್ ಮಾಡಿದ್ದರು. ಅದು ಔಷಧಿಯ ಬಣ್ಣ, ತೊಂದರೆಯಿಲ್ಲ. ಒಂದು ರಾತ್ರಿ ಮರೆತರೆ ಮರುದಿನ ಎರಡು ನುಂಗಬಾರದು, ಮಾಮೂಲಿನಂತೆ ಒಂದೇ.

ಎರಡನೇ ತಿಂಗಳಲ್ಲಿ ಡಬ್ಬಿಯಲ್ಲಿ ಎರಡು ಮಾತ್ರೆ ಕಡಿಮೆ ಬಂತು. ಲೆಕ್ಕ ತಾಳೆಯಾಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ವಿಚಾರಿಸಿದಾಗ ಗೊತ್ತಾಯಿತು: ಪಕ್ಕದ ಮನೆಯವರಿಗೆ ಉರಿಯಿತ್ತಂತೆ, ನಾನಿ ಪ್ರೀತಿಯಿಂದ ಕೊಟ್ಟಿದ್ದರು. ಎರಡು ಮಾತ್ರೆಯಿಂದ ಸೋಂಕು ಹೋಗುವುದಿಲ್ಲ. ದುರ್ಬಲ ಬ್ಯಾಕ್ಟೀರಿಯಾ ಸತ್ತು ಗಟ್ಟಿಯಾದವು ಉಳಿಯುತ್ತವೆ. ಆಮೇಲೆ ಪರೀಕ್ಷೆಗೆ ಕೊಟ್ಟರೂ ಕಲ್ಚರ್ ರಿಪೋರ್ಟ್ ಸರಿಯಾಗಿ ಬರದೇ ಇರಬಹುದು. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಇರುವ ಕೆಂಪು ಗೆರೆಯನ್ನು ನೋಡಿದ್ದೀರಲ್ಲ? ಡಾಕ್ಟರ್ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು ಎಂಬುದಕ್ಕೆ ಅದು ಗುರುತು. ಕೇಂದ್ರ ಸರ್ಕಾರ 2016ರಲ್ಲಿ ಈ ಗೆರೆಯ ಬಗ್ಗೆ ಪ್ರಚಾರವನ್ನೇ ಶುರು ಮಾಡಿತು.

ಇನ್ನೊಂದು ಸಲ ಒಂದು ಮೆಡಿಕಲ್ ಶಾಪಿನಲ್ಲಿ ‘ಇದೂ ಅದೇ ಕೆಲಸ ಮಾಡುತ್ತೆ’ ಎಂದು ನಾರ್‌ಫ್ಲಾಕ್ಸಾಸಿನ್ ಕೊಟ್ಟರು. ಹೆಸರು ಓದಿ ವಾಪಸ್ ಕೊಟ್ಟೆವು. ಅದು ಬೇರೆಯೇ ಗುಂಪಿನ ಔಷಧಿ. ವಯಸ್ಸಾದವರಲ್ಲಿ ಸ್ನಾಯುರಜ್ಜುಗಳಿಗೆ, ಅದರಲ್ಲೂ ಹಿಮ್ಮಡಿಯ ಹಿಂದಿನ ನರದಂಥ ಪಟ್ಟಿಗೆ, ಪೆಟ್ಟು ಮಾಡಬಲ್ಲದು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಲ್ಲಿ ಸಕ್ಕರೆಯನ್ನು ಏಕಾಏಕಿ ಇಳಿಸಲೂಬಹುದು. ಈ ಗುಂಪಿನ ಔಷಧಿಗಳಿಗೆ ನಮ್ಮ ದೇಶದ ಇ. ಕೋಲಿ ಬಹಳ ಮಟ್ಟಿಗೆ ಬಗ್ಗುವುದೂ ಇಲ್ಲ. ನೈಟ್ರೋಫ್ಯುರಾಂಟಾಯಿನ್ ಹಳೆಯದಾದರೂ ಇನ್ನೂ ಕೆಲಸ ಮಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮೊದಲ ಆಯ್ಕೆಯ ಗುಂಪಿನಲ್ಲಿಟ್ಟಿದೆ.

ಈಗ ಸಿರಪ್ಪಿನ ವಿಷಯ. ಉರಿಮೂತ್ರ ಎಂದರೆ ನಮ್ಮಲ್ಲಿ ಮೊದಲು ಕೈಗೆ ಬರುವುದು ನೀರಿಗೆ ಬೆರೆಸಿ ಕುಡಿಯುವ ಸಿಟ್ರೇಟ್ ಸಿರಪ್, ಇಲ್ಲವೇ ನಿಂಬೆ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ. ಎರಡೂ ಮೂತ್ರದ ಆಮ್ಲೀಯತೆ ಇಳಿಸುತ್ತವೆ, ಅದಕ್ಕೇ ಉರಿ ಶಮನವಾದಂತೆ ಅನಿಸುತ್ತದೆ. ಆದರೆ ನೈಟ್ರೋಫ್ಯುರಾಂಟಾಯಿನ್ ಚೆನ್ನಾಗಿ ಕೆಲಸ ಮಾಡುವುದು ಮೂತ್ರ ಆಮ್ಲೀಯವಾಗಿದ್ದಾಗಲೇ. ಸಿರಪ್ ಕುಡಿದು ಮಾತ್ರೆ ನುಂಗಿದರೆ ಒಂದು ಕೈಯಲ್ಲಿ ಬಾಗಿಲು ಹಾಕಿ ಇನ್ನೊಂದು ಕೈಯಲ್ಲಿ ತೆಗೆದ ಹಾಗೆ. ಮೆಗ್ನೀಷಿಯಂ ಟ್ರೈಸಿಲಿಕೇಟ್ ಇರುವ ಗ್ಯಾಸ್ ಮಾತ್ರೆಯೂ ಬೇಡ, ಅದು ಔಷಧಿ ಮೈಗೆ ಸೇರುವುದನ್ನೇ ತಡೆಯುತ್ತದೆ. ನಾನಿಯ ಅಡುಗೆಮನೆ ಕಪಾಟಿನಿಂದ ಆ ಸಿರಪ್ ಬಾಟಲಿ ಇಳಿಸಲು ಅಮ್ಮಿಗೆ ಎರಡು ಶುಕ್ರವಾರ ಬೇಕಾಯಿತು. ಬಾರ್ಲಿ ನೀರಿಗೆ ಅಡ್ಡಿಯಿಲ್ಲ, ಅದು ನೀರೇ.

ತಿಂಗಳುಗಟ್ಟಲೆ ತೆಗೆದುಕೊಳ್ಳುವುದರಿಂದ ರಕ್ತ ಪರೀಕ್ಷೆಯೂ ಬೇಕು. ಶುರು ಮಾಡುವ ಮೊದಲು ಕ್ರಿಯಾಟಿನಿನ್ ನೋಡುತ್ತಾರೆ. ಅದರಿಂದ ಲೆಕ್ಕ ಹಾಕುವ ಇ.ಜಿ.ಎಫ್.ಆರ್. ಎಂಬ ಅಂಕಿ 45ಕ್ಕಿಂತ ಕಡಿಮೆ ಇದ್ದರೆ ಈ ಮಾತ್ರೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಮೂತ್ರಪಿಂಡ ಸೋತಿದ್ದರೆ ಔಷಧಿ ಮೂತ್ರಕ್ಕೆ ಇಳಿಯುವುದು ಕಡಿಮೆ, ರಕ್ತದಲ್ಲಿ ಉಳಿದು ಹಾನಿ ಮಾಡುವುದು ಜಾಸ್ತಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ, ಹೆರಿಗೆ ಹತ್ತಿರವಾದ ಗರ್ಭಿಣಿಯರಿಗೆ ಇದು ಆಗದು. ಭದ್ರಾವತಿಯಲ್ಲಿ ಒಬ್ಬ ಡಾಕ್ಟರ್ ಸಕ್ಕರೆಗೆ, ಶಿವಮೊಗ್ಗದಲ್ಲಿ ಇನ್ನೊಬ್ಬರು ಇದಕ್ಕೆ ಎಂದು ಇದ್ದಾಗ ಎಲ್ಲ ಮಾತ್ರೆಗಳ ಹೆಸರೂ ಒಂದೇ ಹಾಳೆಯಲ್ಲಿ ಇರಲೇಬೇಕು. ಉದಾಹರಣೆಗೆ, ಸೋಂಕು ತಡೆಯಲು ಕೆಲವರಿಗೆ ಕೋಟ್ರೈಮಾಕ್ಸಝೋಲ್ ಬರೆಯುತ್ತಾರೆ. ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆಯ ಜೊತೆ ಸೇರಿದರೆ ಅದು ರಕ್ತದ ಪೊಟ್ಯಾಸಿಯಂ ಅನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ನಾನು ಹಳೆಯ ಲೆಡ್ಜರ್ ಪುಸ್ತಕದಲ್ಲಿ ಎಡಗಡೆ ಮಾತ್ರೆ, ಬಲಗಡೆ ಪರೀಕ್ಷೆಯ ದಿನಾಂಕ ಮತ್ತು ಅಂಕಿ ಬರೆಯುತ್ತೇನೆ. ನಮ್ಮ ಲೆಕ್ಕಶಾಸ್ತ್ರದ ಮೇಡಂ ನೋಡಿದರೆ ಈ ಖಾತೆಗೆ ಅಂಕ ಕೊಡಲಿಕ್ಕಿಲ್ಲ, ಆದರೆ ಡಾಕ್ಟರ್ ಅದನ್ನು ತಿರುವಿ ನೋಡಿ ಮಾತಾಡುತ್ತಾರೆ.

ಕೆಲವು ಲಕ್ಷಣಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಈ ಮಾತ್ರೆ ಅಪರೂಪಕ್ಕೆ ಶ್ವಾಸಕೋಶ ಮತ್ತು ಯಕೃತ್ತಿಗೆ ತೊಂದರೆ ಕೊಡುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಇದನ್ನು ಡಾಕ್ಟರುಗಳಿಗೆ ಮತ್ತೆ ನೆನಪಿಸಿತ್ತು. ಹೊಸದಾಗಿ ಒಣಕೆಮ್ಮು, ಉಸಿರು ಕಟ್ಟುವುದು, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಡಾಕ್ಟರಿಗೆ ಹೇಳಬೇಕು. ಕೈಕಾಲು ಜುಮ್ಮೆನ್ನುವುದನ್ನಂತೂ ‘ಶುಗರ್ ಇದೆಯಲ್ಲ, ಅದಕ್ಕೇ’ ಎಂದು ತಳ್ಳಿಹಾಕುವುದು ಸುಲಭ, ಆದರೆ ಈ ಔಷಧಿಯೂ ನರಗಳನ್ನು ಹಾಳು ಮಾಡಬಲ್ಲದು. ಮಾತ್ರೆ ನುಂಗುತ್ತಿದ್ದರೂ ಚಳಿಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಂಥ ಹೊತ್ತಿನಲ್ಲಿ ನಾಳೆ ನೋಡೋಣ ಎನ್ನದೆ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಬೇರೆ ಆಸ್ಪತ್ರೆಗೋ ಹೋಗಬೇಕು.

ರಂಜಾನಿನಲ್ಲಿ ಏನು ಮಾಡುವುದು ಎಂದು ನಾನಿ ಮೊದಲ ದಿನವೇ ಕೇಳಿದ್ದರು. ತಡೆಯುವ ಮಾತ್ರೆ ರಾತ್ರಿಯದಾದ್ದರಿಂದ ರೋಜಾಕ್ಕೆ ಅಡ್ಡ ಬರುವುದಿಲ್ಲ, ರಾತ್ರಿ ಊಟವಾಗಿ ಮಲಗುವ ಮುಂಚೆ ನುಂಗಿದರಾಯಿತು. ಕಷ್ಟ ಇರುವುದು ನೀರಿನದು. ಇಫ್ತಾರಿನಿಂದ ಸೆಹ್ರಿಯವರೆಗೆ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಲೇ ಇರಬೇಕು. ಸೋಂಕು ಬಂದೇ ಬಿಟ್ಟರೆ ಆ ದಿನಗಳ ರೋಜಾ ಆಮೇಲೆ ಇಡಲು ಕಾಯಿಲೆಯವರಿಗೆ ಅವಕಾಶ ಇದ್ದೇ ಇದೆ.

ನೀರಿನ ಮಾತು ನಮಗೂ ಸೇರುತ್ತದೆ, ಗೆಳತಿಯರೇ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆವರೆಗೆ ಟಾಯ್ಲೆಟ್ಟಿಗೆ ಹೋಗಬಾರದೆಂದು ನೀರೇ ಕುಡಿಯದವರು ನಮ್ಮ ಬೆಂಚಿನಲ್ಲೇ ಎಷ್ಟು ಜನ! 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇ ಪದೇ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿಸಿದರು. ಒಂದು ವರ್ಷದಲ್ಲಿ ಅವರಿಗೆ ಬಂದ ಸೋಂಕು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇದಕ್ಕೆ ಚೀಟಿ ಬೇಡ. ಟಾಯ್ಲೆಟ್ಟಿನ ನಲ್ಲಿಯಲ್ಲಿ ನೀರು ಬರಬೇಕು, ಬಾಗಿಲಿಗೆ ಚಿಲಕ ಇರಬೇಕು, ಪೀರಿಯಡ್ ನಡುವೆ ಕೇಳಿದರೆ ಬಿಡಬೇಕು, ಅಷ್ಟೇ. ಸಿಬ್ಬಂದಿಯೂ ಈ ಪತ್ರಿಕೆ ಓದುತ್ತಾರೆ ಎಂಬ ಧೈರ್ಯದಿಂದ ಬರೆದೆ.

ನಾನಿಯ ಆರು ತಿಂಗಳು ಮುಗಿಯಲು ಇನ್ನು ಐದು ವಾರ ಇದೆ. ಮುಗಿದ ಮೇಲೆ ‘ಒಗ್ಗಿದೆಯಲ್ಲ’ ಎಂದು ತಾವಾಗಿಯೇ ಮುಂದುವರಿಸುವ ಹಾಗಿಲ್ಲ. ನಿಲ್ಲಿಸಿ ನೋಡಬೇಕೋ ಬೇಡವೋ ಎಂಬುದನ್ನು ಡಾಕ್ಟರ್ ನಿರ್ಧರಿಸುತ್ತಾರೆ. ಆಂಟಿಬಯಾಟಿಕ್ ಅಲ್ಲದ ದಾರಿಗಳೂ ಇವೆಯಂತೆ: ಮುಟ್ಟು ನಿಂತವರಿಗೆ ಹಚ್ಚುವ ಈಸ್ಟ್ರೋಜೆನ್ ಮುಲಾಮು, ಮೀಥೆನಮಿನ್ ಎಂಬ ಮಾತ್ರೆ. ಬ್ರಿಟನ್ನಿನಲ್ಲಿ 240 ಹೆಂಗಸರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೀಥೆನಮಿನ್ ದಿನನಿತ್ಯದ ಆಂಟಿಬಯಾಟಿಕ್‌ಗಿಂತ ಗಣನೀಯವಾಗಿ ಕಡಿಮೆಯೇನೂ ಬೀಳಲಿಲ್ಲ. ಮುಂದಿನ ಭೇಟಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಲ್ಲಿ ಇವೆರಡನ್ನೂ ಬರೆದಿಟ್ಟಿದ್ದೇನೆ. ಮೂರನೇ ಪ್ರಶ್ನೆ ನಾನಿಯೇ ಬರೆಸಿದ್ದು: ಉಪ್ಪಿನಕಾಯಿ ತಿನ್ನಬಹುದೇ?