ಈಟಿಗೆ ಸಿಗುವ ಮೀನು, ಸಿಗಬಾರದ ಮೀನು

ಕರಾವಳಿಯ ನಂಗು ಮೀನಿಗೆ ಎರಡೂ ಕಣ್ಣು ಒಂದೇ ಮಗ್ಗುಲಲ್ಲಿ. ಮರಳಿನ ಬಣ್ಣ ತಾಳಿ, ತಳಕ್ಕೆ ಅಂಟಿಕೊಂಡು ಅಲುಗಾಡದೆ ಮಲಗುವುದೇ ಅದರ ರಕ್ಷಣೆ. ಇಂಥ ಚಪ್ಪಟೆ ಮೀನನ್ನು ರಾತ್ರಿ ಸಣ್ಣ ದೋಣಿಯಿಂದ ಬೆಳಕು ಬಿಟ್ಟು ಈಟಿಯಲ್ಲಿ ತಿವಿಯುವ ಬೇಟೆ ಲೋಕದ ಹಲವು ತೀರಗಳಲ್ಲಿದೆ. ನೇರ ಮೇಲಿಂದ ನೋಡಿದರೆ 4 ಅಡಿ ನೀರು 3 ಅಡಿಯಂತೆ ಕಾಣುತ್ತದೆ. ಓರೆಯಾಗಿ ತಿವಿಯುವವರು ಮೀನು ಕಂಡ ಜಾಗಕ್ಕಿಂತ ಕೆಳಗೇ ಗುರಿಯಿಡಬೇಕು. ಆದರೆ ಅದೇ ಬೇಟೆಯನ್ನು ಹರಿಗೋಲು ಹತ್ತಿಸಿ ರಟ್ಟೀಹಳ್ಳಿಯ ಕುಮುದ್ವತಿ ಹೊಳೆಗೋ ಮದಗ ಮಾಸೂರು ಕೆರೆಗೋ ತರುವುದು ತಪ್ಪು, ಮಳೆಗಾಲದಲ್ಲಂತೂ ದೊಡ್ಡ ತಪ್ಪು.

ಸಿಹಿನೀರಿನಲ್ಲಿ, ದಂಡೆಯ ಜೊಂಡಿನ ನಡುವೆ ಈಟಿಗೆ ಎಟುಕುವುದು ಕುಚ್ಚು ಮೀನು, ಅಂದರೆ ಮುರಲ್. ನಂಗು ಮೊಟ್ಟೆಯನ್ನು ಕಡಲಿಗೆ ಬಿಟ್ಟು ಹೊರಟುಬಿಡುತ್ತದೆ. ಮುರಲ್ ಹಾಗಲ್ಲ: ಮಳೆಗಾಲದಲ್ಲಿ ಮರಿ ಮಾಡಿ, ನೀರ ಮೇಲೆ ಕೆಂಪಗೆ ಗಿಜಿಗುಡುವ ಮರಿಗಳ ಹಿಂಡಿನ ಕೆಳಗೇ ಕಾವಲು ನಿಲ್ಲುತ್ತದೆ. ಅದನ್ನು ತಿವಿದರೆ ಹಿಂಡಿಗೆ ಹಿಂಡೇ ಬೇರೆ ಮೀನುಗಳ ಬಾಯಿಗೆ. ಬಲೆ ಇನ್ನೂ ಹೆಚ್ಚು ಬಾಚುತ್ತದಲ್ಲ, ಈಟಿ ಹಿಡಿಯುವುದು ಒಂದನ್ನೇ ತಾನೇ ಎನ್ನಬಹುದು. ಮಾತು ನಿಜ, ಆದರೆ ಬಲೆಗೆ ಬಿದ್ದ ಸಣ್ಣ ಮೀನನ್ನು ಬೇಗ ಬಿಟ್ಟರೆ ಈಜಿಕೊಂಡು ಹೋದೀತು, ಈಟಿ ತಿವಿದದ್ದನ್ನು ಬಿಟ್ಟೂ ಫಲವಿಲ್ಲ. ಮರಿಗಳು ದೊಡ್ಡವಾಗಿ ಚದುರಿದ ಮೇಲೆ, ಬೇಸಿಗೆಯಲ್ಲಿ, ಬೇಕಾದರೆ ಗಾಳ ಹಾಕಿ.